ಸೈಲೆನ್ಸರಿನ ತಗಡು, ನನ್ನ ಹಿಮ್ಮಡಿ

ವಾಸನೆ ಮೊದಲು ಬಡಿದದ್ದು ಉಮೇಶನ ಮೂಗಿಗೆ. ಸಿದ್ಧಕಟ್ಟೆ ದಾಟಿ ಮೂಡುಬಿದಿರೆ ಕಡೆಗೆ ಏರು ಹತ್ತುತ್ತಿದ್ದೆವು. ಅವನು ಬೈಕಿನ ವೇಗ ಇಳಿಸಿ, ತಲೆಯನ್ನು ಅರ್ಧ ತಿರುಗಿಸಿ, "ಸ್ವಾಮಿ, ಎಂತದೋ ಸುಟ್ಟ ವಾಸನೆ ಬರ್ತಾ ಉಂಟಲ್ವಾ?" ಎಂದ.

ಉಮೇಶ ನನ್ನ ಹೆಂಡತಿ ವಾರಿಜಳ ತಮ್ಮ. ವೇಣೂರಿನವನು, ಮನೆಗಳಿಗೆ ಪೈಂಟ್ ಹೊಡೆಯುವ ಕೆಲಸ. ಉಳಿದ ದಿನಗಳಲ್ಲಿ ನಾನು ಅವನಿಗೆ ಬಾವ. ಆಗ ಇಬ್ಬರೂ ಶಬರಿಮಲೆಗೆಂದು ಮಾಲೆ ಹಾಕಿದ್ದೆವು. ಮಾಲೆ ಹಾಕಿದ ಮೇಲೆ ಎಲ್ಲರೂ ಎಲ್ಲರಿಗೂ ಸ್ವಾಮಿ. ಕಪ್ಪು ಬಟ್ಟೆ, ಎರಡು ಹೊತ್ತು ತಣ್ಣೀರು ಸ್ನಾನ, ಕಾಲಿಗೆ ಚಪ್ಪಲಿ ಇಲ್ಲ. ಬೈಕಿನಲ್ಲಿ ಹೋಗುವುದಾದರೂ ಬರಿಗಾಲು.

ನಾನು ಬಂಟ್ವಾಳ ಪೇಟೆಯಲ್ಲಿ ಟೈಲರ್. ಆ ಸೀಸನ್ನಿನಲ್ಲಿ ನನ್ನ ಅಂಗಡಿಯ ತುಂಬ ಕಪ್ಪು ಬಟ್ಟೆಯೇ. ಅವತ್ತು ಪುತ್ತಿಗೆಯಲ್ಲಿ ಒಬ್ಬ ಸ್ವಾಮಿಯ ಮನೆಯಲ್ಲಿ ಸಂಜೆ ಪೂಜೆ ಇತ್ತು. ಅಲ್ಲಿಯವರ ಅಂಗಿಗಳನ್ನು ಹೊಲಿದು ದೊಡ್ಡ ಕೈಚೀಲದಲ್ಲಿ ತುಂಬಿ ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಚೀಲ ಜಾರಬಾರದೆಂದು ಎರಡೂ ಕೈಯಿಂದ ಅಪ್ಪಿ ಹಿಡಿದು, ಕಾಲು ಅಲ್ಲಾಡಿಸದೆ ಕೂತಿದ್ದೆ.

ರಸ್ತೆ ಬದಿಗೆ ನಿಲ್ಲಿಸಿ ಇಬ್ಬರೂ ಇಳಿದೆವು. ಉಮೇಶ ಕುಕ್ಕರಗಾಲಿನಲ್ಲಿ ಕೂತು ಬೈಕನ್ನು ಮೂಸಿ ನೋಡಿದ. ಸೈಲೆನ್ಸರಿನ ಮೇಲೆ ಎಂತದೋ ಕಪ್ಪಗೆ ಅಂಟಿಕೊಂಡಿತ್ತು.

"ಓ, ಇದು. ಪ್ಲಾಸ್ಟಿಕ್ ತೊಟ್ಟೆ ಹಾರಿ ಬಂದು ಅಂಟಿದ್ದು ಸ್ವಾಮಿ," ಎಂದ. ಕಡ್ಡಿಯಿಂದ ಕೆರೆದ. ಸ್ವಲ್ಪ ಹೋಯಿತು, ಸ್ವಲ್ಪ ಉಳಿಯಿತು.

"ಇದರ ಮೇಲೆ ಒಂದು ತಗಡು ಇರಬೇಕಲ್ಲ?" ಎಂದು ಕೇಳಿದೆ.

"ಇತ್ತು. ಸ್ಕ್ರೂ ಬಿದ್ದು ಹೋಗಿ ಗಡಗಡ ಸದ್ದು ಮಾಡ್ತಿತ್ತು, ಬಿಚ್ಚಿ ಇಟ್ಟಿದ್ದೇನೆ. ಮಾಲೆ ಹಾಕಿಕೊಂಡು ಗ್ಯಾರೇಜಿನ ಎಣ್ಣೆ ಕೊಳೆಯಲ್ಲಿ ಎಲ್ಲಿ ಕೂರುವುದು? ಮಲೆಯಿಂದ ಬಂದ ಮೇಲೆ ಒಟ್ಟಿಗೆ ಸರ್ವಿಸಿಗೆ ಕೊಡುವ ಅಂತ."

ಹಿಂದೆ ಕೂರುವವರು ಕಾಲಿಡುವ ಕಬ್ಬಿಣಕ್ಕೆ ರಬ್ಬರೂ ಇರಲಿಲ್ಲ. ಅದೂ ಮಲೆಯಿಂದ ಬಂದ ಮೇಲೆಯೇ ಆಗಬೇಕಿತ್ತು. ಆದರೆ ಬೈಕನ್ನು ಬೆಳಿಗ್ಗೆ ಎದ್ದು ತೊಳೆದಿದ್ದ. ಹ್ಯಾಂಡಲಿಗೆ ಸೇವಂತಿಗೆ ಮಾಲೆ, ಮುಂದೆ ಗಂಧದ ಬೊಟ್ಟು. ಮಡಿಗೆ ಒಂದಿಷ್ಟೂ ಕೊರತೆ ಇರಲಿಲ್ಲ.

ಮತ್ತೆ ಹತ್ತಿ ಕೂತೆ. ಪುತ್ತಿಗೆಯಲ್ಲಿ ಭಜನೆ, ಪೂಜೆ, ಪಾನಕ ಎಲ್ಲ ಮುಗಿಸಿ ಬಂದೆವು. ಹೋಗುವಾಗಲೂ ಬರುವಾಗಲೂ ನನಗೆ ಎಲ್ಲಿಯೂ ನೋವಾಗಲಿಲ್ಲ. ಒಂದು ಚೂರು ನೋವಾಗಿದ್ದರೆ ಸಾಕಿತ್ತು.

ಮರುದಿನ ಬೆಳಿಗ್ಗೆ ಸ್ನಾನ ಮಾಡಿ ದೇವರ ಕೋಣೆಗೆ ಹೋಗುತ್ತಿದ್ದೆ. ಹಿಂದಿನಿಂದ ವಾರಿಜ, "ಕುಂಕುಮ ತುಳಿದು ಬಂದಿರಾ? ನೆಲವೆಲ್ಲ ಕೆಂಪು," ಎಂದಳು. ತಿರುಗಿ ನೋಡಿದೆ. ಬಚ್ಚಲಿನಿಂದ ಹೆಜ್ಜೆ ಗುರುತು. ಎಡಗಾಲಿನದು ಬರೀ ನೀರು. ಬಲಗಾಲಿನ ಹಿಮ್ಮಡಿಯ ಜಾಗದಲ್ಲಿ ತೆಳ್ಳಗಿನ ಕೆಂಪು. ಅವಳು ಒರಸಿದಳು. ದೇವರಿಗೆ ದೀಪ ಇಟ್ಟು ಬರುವಷ್ಟರಲ್ಲಿ ಮತ್ತೆ ಅದೇ ಗುರುತು.

"ಕೂತುಕೊಳ್ಳಿ ಇಲ್ಲಿ," ಎಂದಳು. ಕಾಲನ್ನು ಎತ್ತಿ ನೋಡಿದಳು. ನನ್ನ ಮುಖ ನೋಡಿದಳು. "ನಿಮಗೆ ನೋಯುವುದಿಲ್ಲವಾ?"

"ಇಲ್ಲ. ಎಂತ ಆಗಿದೆ?"

"ನೋಯುವುದೇ ಇಲ್ಲವಾ?" ಎಂದು ಮತ್ತೆ ಕೇಳಿದಳು. ಗಾಯಕ್ಕಿಂತ ಹೆಚ್ಚಾಗಿ ನನ್ನ ಉತ್ತರಕ್ಕೆ ಅವಳು ಹೆದರಿದ ಹಾಗೆ ಕಂಡಿತು.

ನನಗೆ ಸಕ್ಕರೆ ಕಾಯಿಲೆ ಬಂದು ಹಲವು ವರ್ಷವಾಗಿತ್ತು. ಮಾತ್ರೆ ನುಂಗುತ್ತಿದ್ದೆ. ವ್ರತದ ಊಟ, ಉಪವಾಸ ಎಂದು ಆಗ ಕೆಲವು ಹೊತ್ತು ಬಿಟ್ಟೂ ಇದ್ದೆ. ಕೆಲವು ಸಮಯದಿಂದ ಎರಡೂ ಪಾದಕ್ಕೆ ಕಾಲುಚೀಲ ಹಾಕಿಕೊಂಡ ಹಾಗೆ ಅನ್ನಿಸುತ್ತಿತ್ತು, ಹಾಕದೆ ಇದ್ದರೂ. ಒಂದು ಸಂಜೆ ಅಂಗಡಿಯಿಂದ ಮನೆಗೆ ಒಂದೇ ಚಪ್ಪಲಿಯಲ್ಲಿ ಬಂದಿದ್ದೆ. ಇನ್ನೊಂದು ದಾರಿಯಲ್ಲಿ ಕಳಚಿ ಬಿದ್ದದ್ದು ಗೊತ್ತಾಗಿರಲಿಲ್ಲ. ಎದುರು ಅಂಗಡಿಯವರು ಅದನ್ನು ಹಿಡಿದುಕೊಂಡು ಬಂದು, "ಟೈಲರೇ, ಇದಕ್ಕೂ ಅಳತೆ ತೆಗೆಯಬೇಕಾ?" ಎಂದು ಕೇಳಿದ್ದರು. ಎಲ್ಲರೂ ನಗಾಡಿದ್ದೆವು. ಮೆಷಿನ್ ಕೂಡ ಆಗ ತಂಟೆ ಮಾಡುತ್ತಿತ್ತು. ಮೋಟರಿನ ಪೆಡಲ್ ಒತ್ತಿದರೆ ಒಮ್ಮೆಲೇ ಓಡುವುದು, ಇಲ್ಲವಾದರೆ ನಿಂತೇ ಇರುವುದು. ಬೆಲ್ಟ್ ಸಡಿಲಾಗಿದೆ ಎಂದುಕೊಂಡು ಹೊಸ ಬೆಲ್ಟ್ ಹಾಕಿಸಿದ್ದೆ.

ಪೇಟೆಯ ಕ್ಲಿನಿಕ್ಕಿಗೆ ಹೋದಾಗ ಉಮೇಶನೂ ವೇಣೂರಿನಿಂದ ಬಂದ. ಅಲ್ಲಿಯ ಡಾಕ್ಟರು ನನ್ನ ಕಪ್ಪು ಬಟ್ಟೆ ನೋಡಿ, "ಕೆಂಡ ಸೇವೆಗೆ ಹೋಗಿದ್ದಿರಾ ಸ್ವಾಮಿ? ಕೆಂಡ ತುಳಿದ ಹಾಗೆ ಉಂಟಲ್ಲ," ಎಂದರು.

"ಇಲ್ಲ ಡಾಕ್ಟ್ರೇ. ಎಲ್ಲಿಗೂ ಹೋಗಲಿಲ್ಲ. ನಿನ್ನೆ ಬೈಕಿನಲ್ಲಿ ಪುತ್ತಿಗೆಗೆ ಹೋದದ್ದು ಬಿಟ್ಟರೆ."

ಉಮೇಶ ಬಾಗಿಲಲ್ಲಿ ನಿಂತಿದ್ದ. ಸಟ್ಟನೆ ಹೊರಗೆ ಹೋದ. ಕಿಟಕಿಯಿಂದ ನನಗೆ ಕಾಣುತ್ತಿತ್ತು. ಬೈಕಿನ ಬಲಬದಿಗೆ ಕೂತು ಆ ಕಪ್ಪು ಕಲೆಯನ್ನೇ ನೋಡುತ್ತಿದ್ದ. ನಿನ್ನೆ ಕಡ್ಡಿಯಿಂದ ಕೆರೆದ ಜಾಗ. ಒಳಗೆ ಬಂದಾಗ ಅವನ ಮುಖದಲ್ಲಿ ರಕ್ತವೇ ಇರಲಿಲ್ಲ.

"ಸ್ವಾಮಿ," ಎಂದ. ಮತ್ತೆ, "ಬಾವ, ಅದು ಪ್ಲಾಸ್ಟಿಕ್ ಅಲ್ಲ," ಎಂದ.

ವಾರಿಜ ಅವನನ್ನು ನೋಡಿದಳು. ಬಾಯಿ ತೆರೆದಳು. ಅವನ ಕುತ್ತಿಗೆಯ ಮಾಲೆಯ ಮೇಲೆ ಅವಳ ಕಣ್ಣು ನಿಂತಿತು. ಬಾಯಿ ಮುಚ್ಚಿದಳು. ಮಾಲೆ ಹಾಕಿದವರಿಗೆ ಬೈಯುವ ಕ್ರಮ ಇಲ್ಲ. ಬೈದರೆ ಅದು ಅವನಿಗಲ್ಲ, ಮಾಲೆಗೆ ಬೈದ ಹಾಗೆ.

ಕೆಲವು ದಿನ ಅಲ್ಲೇ ಡ್ರೆಸ್ಸಿಂಗ್ ಆಯಿತು. ಗಾಯ ಕೀವಾಗಿ ಕೊಳೆಯಲು ಶುರುವಾದಾಗ ಮಂಗಳೂರಿನ ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು. ಅಲ್ಲಿ ಕಾಲು ನೋಡಿದ್ದು ಒಬ್ಬರು ಸರ್ಜನ್, ಹೆಂಗಸು, ಮೆಲ್ಲಗೆ ಮಾತಾಡುವವರು. ಒಂದು ತೆಳ್ಳಗಿನ ನೈಲಾನ್ ಎಳೆ ಹಿಡಿದುಕೊಂಡು, "ಕಣ್ಣು ಮುಚ್ಚಿ. ಪಾದಕ್ಕೆ ಮುಟ್ಟಿದ್ದು ಗೊತ್ತಾದಾಗಲೆಲ್ಲ ಹೂಂ ಅನ್ನಿ," ಎಂದರು.

ಕಣ್ಣು ಮುಚ್ಚಿದೆ. ಕಾದೆ. ಫ್ಯಾನ್ ತಿರುಗುವ ಸದ್ದು. ಹೊರಗೆ ಯಾರದೋ ಹೆಸರು ಕೂಗಿದರು. ಇವರಿಗೆ ಯಾಕಿಷ್ಟು ತಡ ಎಂದು ನಾನೇ, "ಶುರು ಮಾಡಿ ಡಾಕ್ಟ್ರೇ," ಎಂದೆ.

"ಆಯಿತು," ಎಂದರು ಅವರು. "ಎರಡೂ ಕಾಲಿನದು ಆಯಿತು."

ಕಣ್ಣು ತೆರೆದೆ. ವಾರಿಜ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆ ನೋಡುತ್ತಿದ್ದಳು.

ಡಾಕ್ಟರು ಅಡ್ಡಮಾತು ಆಡಲಿಲ್ಲ. ಸೋಂಕು ಎಲುಬಿಗೆ ಮುಟ್ಟದಿದ್ದರೆ ಕೊಳೆತದ್ದನ್ನು ತೆಗೆದು, ಮೇಲೆ ಚರ್ಮ ಹಾಕಿ, ಕಾಲು ಉಳಿಸಬಹುದು. ಎಲುಬಿಗೆ ಆಳವಾಗಿ ಹೋಗಿದ್ದರೆ ಹಿಮ್ಮಡಿ ಉಳಿಯುವುದು ಕಷ್ಟ. ಹಿಮ್ಮಡಿ ಇಲ್ಲದ ಪಾದ ಭಾರ ಹೊರುವುದಿಲ್ಲ. ಆಗ ಮೊಣಕಾಲಿನ ಕೆಳಗಿನಿಂದ ತೆಗೆಯಬೇಕಾಗುತ್ತದೆ. ಸ್ಕ್ಯಾನ್ ಮಾಡಿ ನೋಡುವ ಎಂದರು.

ಬಲಗಾಲು. ನನ್ನ ಮೆಷಿನಿನ ಕಾಲು. ಮದುವೆಯ ರವಿಕೆಯ ಕೊರಳಿನ ತಿರುವಿನಲ್ಲಿ ಸೂಜಿಯನ್ನು ಒಂದೊಂದೇ ಹೊಲಿಗೆಯಾಗಿ ನಡೆಸುವ ಕಾಲು.

ಸ್ಕ್ಯಾನಿನ ವರದಿಗೆ ಕಾಯುವ ಆ ಹೊತ್ತು ನನಗೆ ಕೂರಲಾಗಲಿಲ್ಲ, ನಿಲ್ಲುವ ಹಾಗೂ ಇಲ್ಲ. ಗಾಲಿ ಕುರ್ಚಿಯಲ್ಲಿ ಕೂರಿಸಿ ಕಾಲನ್ನು ನೀಡಿ ಇಟ್ಟಿದ್ದರು. ಕೈ ಸುಮ್ಮನಿರದೆ ಬನಿಯನ್ನಿನ ಅಂಚನ್ನು ಮಡಿಸುವುದು, ಬಿಡಿಸುವುದು. ಎದುರಿನ ಬಾಗಿಲ ಪರದೆಯ ಕೆಳಗಿನ ಮಡಿಕೆಯನ್ನು ಯಾರೋ ಸೊಟ್ಟಗೆ ಹೊಲಿದಿದ್ದರು. ಒಂದು ಕಡೆ ನೆಲಕ್ಕೆ ತಾಗುತ್ತಿತ್ತು, ಇನ್ನೊಂದು ಕಡೆ ಗೇಣು ಮೇಲೆ. ಅದನ್ನು ನೋಡಿದಷ್ಟೂ ನನಗೆ ಸಿಟ್ಟು ಏರುತ್ತಿತ್ತು. ಕಾಲಿನ ಮೇಲೆ ಬರಬೇಕಾದ ಸಿಟ್ಟು ಪರದೆಯ ಮೇಲೆ.

ಪಕ್ಕದಲ್ಲಿ ಒಬ್ಬರು ಹಿರಿಯ ಬ್ಯಾರಿಗಳು ಕೂತಿದ್ದರು. ಬಿಳಿ ಮುಂಡು, ಬಿಳಿ ಗಡ್ಡ, ಎಡಪಾದಕ್ಕೆ ದಪ್ಪ ಬ್ಯಾಂಡೇಜು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಸ್ವಾಮಿಗಳದ್ದು ಸಕ್ಕರೆಯಾ?" ಎಂದರು.

"ಹೌದು."

"ನಮ್ಮದೂ ಅದೇ. ನಾನು ಅಬ್ಬಾಸ್, ಬೆಳ್ತಂಗಡಿ. ಎರಡು ಬೆರಳು ಇಲ್ಲೇ ಕೊಟ್ಟಾಗಿದೆ. ಈಗ ಉಳಿದವರ ಯೋಗಕ್ಷೇಮ ನೋಡ್ಲಿಕ್ಕೆ ಬರುವುದು."

ನನಗೆ ನಗು ಬಂತು. ಬರಬಾರದಿತ್ತು, ಬಂತು. ಅವರು ಗಲ್ಫಿನಲ್ಲಿ ಲಾರಿ ಓಡಿಸುತ್ತಿದ್ದರಂತೆ. ಬೂಟಿನೊಳಗೆ ಒಂದು ಸಣ್ಣ ಕಲ್ಲು ಸೇರಿಕೊಂಡದ್ದು ಇಡೀ ದಿನ ಗೊತ್ತಾಗಲಿಲ್ಲವಂತೆ. ಅಲ್ಲಿಂದ ಶುರು.

"ನಿಮಗೆ ಹೇಗಾಯ್ತು?"

ಹೇಳಿದೆ. ಸೈಲೆನ್ಸರ್, ತಗಡು, ಕಪ್ಪು ಕಲೆ. ಅವರು ನಗಲಿಲ್ಲ. "ನೋವು ಅಂದರೆ ಬಾಗಿಲು ಕಾಯುವವ ಇದ್ದ ಹಾಗೆ ಸ್ವಾಮಿ. ನಮ್ಮವ ನಿದ್ರೆ ಮಾಡಿದ. ಇನ್ನು ನಾವೇ ಎದ್ದು ಹೋಗಿ ಬಾಗಿಲು ನೋಡಬೇಕು, ಅಷ್ಟೆ," ಎಂದರು. ತಮ್ಮ ಚೀಲದಿಂದ ಬಿಸ್ಕತ್ತು ತೆಗೆದು ನೀಡಿ, ತಟ್ಟನೆ ಹಿಂದೆ ಎಳೆದುಕೊಂಡರು. "ಛೆ, ವ್ರತ ಅಲ್ವಾ? ಮೇಲಿನಿಂದ ಸಕ್ಕರೆ ಬೇರೆ. ನಾನೂ ಎಂತ ಮನುಷ್ಯ ಮಾರಾಯ್ರೇ." ಈಗ ಇಬ್ಬರೂ ನಕ್ಕೆವು. ಪರದೆ ಸೊಟ್ಟಗೇ ನೇತಾಡುತ್ತಿತ್ತು, ಆದರೆ ಅದರ ಮೇಲಿನ ಸಿಟ್ಟು ಹೋಗಿತ್ತು.

ವರದಿ ಬಂತು. ಸೋಂಕು ಎಲುಬಿನ ಹತ್ತಿರ ಬಂದಿದೆ, ಒಳಗೆ ಹೋದ ಹಾಗೆ ಕಾಣುವುದಿಲ್ಲ. "ಹತ್ತಿರ ಬಂದಿದೆ ಅಂದರೆ ಉಳಿಯುತ್ತದಾ?" ಎಂದು ವಾರಿಜ ಕೇಳಿದಳು. "ಪ್ರಯತ್ನ ಮಾಡುವ. ಗಾಯ ತೆರೆದು ನೋಡದೆ ಮಾತು ಕೊಡಲಿಕ್ಕೆ ಆಗುವುದಿಲ್ಲ. ಒಂದು ಮಾತ್ರ, ಈ ಕಾಲನ್ನು ನೆಲಕ್ಕೆ ಊರಬಾರದು. ನಾನು ಹೇಳುವವರೆಗೆ ಒಂದು ಹೆಜ್ಜೆಯೂ ಇಲ್ಲ. ಮುಂದೆ ಯಾವತ್ತೂ ಬರಿಗಾಲು ಇಲ್ಲ."

ಯಾವತ್ತೂ ಎಂಬ ಮಾತು ಕೇಳಿ ನನ್ನ ಕೈ ಕುತ್ತಿಗೆಗೆ ಹೋಯಿತು. ಮಾಲೆ.

ಮರುದಿನ ನಮ್ಮ ಗುರುಸ್ವಾಮಿ ಆಸ್ಪತ್ರೆಗೆ ಬಂದರು. ನಮಗೆಲ್ಲ ಮಾಲೆ ಹಾಕಿದವರು, ವಯಸ್ಸಾದವರು. ವ್ರತ ಅರ್ಧದಲ್ಲಿ ಬಿಟ್ಟರೆ ಏನಾಗುತ್ತದೋ ಎಂಬ ಹೆದರಿಕೆ ನನಗಿತ್ತು. ಅವರು ಗಾಯ ನೋಡಬೇಕೆಂದು ಹೇಳಲಿಲ್ಲ. ಮಂಚದ ಪಕ್ಕ ನಿಂತು, "ಬಗ್ಗು ಮಾರಾಯ," ಎಂದರು. ಬಗ್ಗಿದೆ. ಮೆಲ್ಲಗೆ ಶರಣು ಹೇಳಿ ಮಾಲೆ ತೆಗೆದು ತಮ್ಮ ಶಾಲಿನಲ್ಲಿ ಕಟ್ಟಿಕೊಂಡರು.

"ದೇವರು ಸಿಟ್ಟಾಗ್ತಾರಾ ಗುರುಸ್ವಾಮಿ?"

"ಕಾಲು ಕೊಟ್ಟದ್ದು ಅವನು. ಚಪ್ಪಲಿ ಬಿಡಿ ಅಂದದ್ದು ನಾವು. ನೀನು ಸುಮ್ಮನೆ ಡಾಕ್ಟ್ರು ಹೇಳಿದ್ದು ಕೇಳು."

ಅವರು ಹೋದ ಮೇಲೆ ಖಾಲಿ ಕುತ್ತಿಗೆಯನ್ನು ಮುಟ್ಟಿ ಮುಟ್ಟಿ ನೋಡಿಕೊಂಡೆ.

ಒಂದು ಸಲ ಕೊಳೆತ ಭಾಗ ತೆಗೆದರು. ಮತ್ತೊಂದು ಸಲ ತೆಗೆದರು. ಪ್ರತಿ ಸಲವೂ ಅರಿವಳಿಕೆಯ ಮತ್ತು ಇಳಿಯುವಾಗ ನಾನು ಮೊದಲು ಮಾಡುತ್ತಿದ್ದ ಕೆಲಸ, ತಲೆ ಎತ್ತಿ ಹೊದಿಕೆಯ ತುದಿ ನೋಡುವುದು. ಎರಡು ಕಡೆ ಉಬ್ಬು ಉಂಟಾ? ಉಂಟು. ಮತ್ತೆ ಮಲಗುವುದು. ಮುಟ್ಟಿದರೆ ಗೊತ್ತಾಗದ ಕಾಲು ಇದೆಯೋ ಇಲ್ಲವೋ ಎಂದು ಕಣ್ಣಿನಿಂದಲೇ ತಿಳಿಯಬೇಕಿತ್ತು.

ಉಮೇಶ ದಿನಾ ಬರುತ್ತಿದ್ದ. ಅವನ ಮಾಲೆ ಕುತ್ತಿಗೆಯಲ್ಲೇ ಇತ್ತು, ಬರಿಗಾಲು, ಗಡ್ಡ ಬೆಳೆದಿತ್ತು. ವಾರಿಜ ಎದ್ದು ನಿಂತು ಕುರ್ಚಿ ಬಿಟ್ಟುಕೊಡುತ್ತಿದ್ದಳು. "ಬನ್ನಿ ಸ್ವಾಮಿ. ಕೂತುಕೊಳ್ಳಿ ಸ್ವಾಮಿ. ನೀರು ಬೇಕಾ ಸ್ವಾಮಿ?" ಅವನು ಹುಟ್ಟಿದಾಗಿನಿಂದ ಎತ್ತಿ ಆಡಿಸಿದ ಅಕ್ಕ ಅವಳು. ಆ 'ಬನ್ನಿ' ಅವನನ್ನು ಸುಡುತ್ತಿತ್ತು. ಅವಳು ಔಷಧಿ ತರಲು ಹೋದಾಗ ನನ್ನ ಹತ್ತಿರ ಬಗ್ಗಿ ಹೇಳಿದ: "ಬಾವ, ಅಕ್ಕನಿಗೆ ಬೈಲಿಕ್ಕೆ ಹೇಳಿ. ಹೀಗೆ ಸ್ವಾಮಿ ಸ್ವಾಮಿ ಅನ್ನುವಾಗ ನನಗೆ ಅನ್ನ ಇಳಿಯುವುದಿಲ್ಲ."

ನಾನು ಅವಳಿಗೆ ಹೇಳಿದೆ. "ಅವನು ಬೇಕೆಂದು ಮಾಡಿದ್ದಾ? ನನ್ನ ಕಾಲಿಗೆ ಗೊತ್ತಾಗಿದ್ದರೆ ನಾನೇ ಕಿರುಚಿ ಇಳಿಯುತ್ತಿದ್ದೆ."

"ನಿಮ್ಮ ಕಾಲಿಗೆ ಗೊತ್ತಾಗುವುದಿಲ್ಲ, ಸರಿ. ಅವನ ಕಣ್ಣಿಗೆ ಎಂತ ಆಗಿತ್ತು? ಬೈಕಿಗೆ ಹೂವಿನ ಮಾಲೆ ಹಾಕ್ಲಿಕ್ಕೆ ಆಯ್ತು, ಒಂದು ಸ್ಕ್ರೂ ಹಾಕ್ಲಿಕ್ಕೆ ಆಗ್ಲಿಲ್ಲ. ಇರಲಿ. ಮಲೆಗೆ ಹೋಗಿ, ಮಾಲೆ ತೆಗೆದು ಬರಲಿ. ಎಲ್ಲ ಒಟ್ಟಿಗೆ ಇಟ್ಟಿದ್ದೇನೆ."

ಅವಳು ಇಟ್ಟುಕೊಂಡಿದ್ದಳು ಕೂಡ. ಇಸ್ತ್ರಿ ಪೆಟ್ಟಿಗೆಯೊಳಗಿನ ಕೆಂಡದ ಹಾಗೆ, ಮುಚ್ಚಳದ ಕೆಳಗೆ.

ತೊಡೆಯಿಂದ ಚರ್ಮ ತೆಗೆದು ಹಿಮ್ಮಡಿಗೆ ಕೂರಿಸಿದ ಮೇಲೆ ಮನೆಗೆ ಕಳುಹಿಸಿದರು. ಆಗ ಉಮೇಶನ ತಂಡ ಶಬರಿಮಲೆಗೆ ಹೊರಟಿತ್ತು. ನಾನು ಜಗಲಿಯ ಮಂಚದಲ್ಲಿ ಕಾಲನ್ನು ದಿಂಬಿನ ಮೇಲೆ ಇಟ್ಟು ಮಲಗಿದ್ದೆ. ಮಲಗುವುದು ಇಷ್ಟು ಕಷ್ಟದ ಕೆಲಸ ಎಂದು ಯಾರೂ ಹೇಳಿರಲಿಲ್ಲ. ಬಸ್ಸು ಹೋದರೆ ಎದ್ದು ನೋಡಬೇಕು ಅನ್ನಿಸುತ್ತಿತ್ತು. ಅಂಗಡಿಯಲ್ಲಿ ಅರ್ಧ ಹೊಲಿದಿಟ್ಟ ರವಿಕೆಗಳು ಕನಸಿನಲ್ಲಿ ಬರುತ್ತಿದ್ದವು. ವಾರಿಜ ಒಂದು ದಿನ ಸೂಜಿ ನೂಲು ತಂದು ಮಡಿಲಿಗೆ ಹಾಕಿದಳು. "ಕೈ ಉಂಟಲ್ಲ? ಹುಕ್ಕು ಹಾಕಿ." ನೆರೆಹೊರೆಯವರ ಎಲ್ಲ ರವಿಕೆಗಳ ಹುಕ್ಕನ್ನು ಗಟ್ಟಿ ಮಾಡಿಕೊಟ್ಟೆ. ಗಟ್ಟಿ ಇದ್ದದ್ದನ್ನೂ ಬಿಚ್ಚಿ ಮತ್ತೆ ಹಾಕಿದೆ.

ಡ್ರೆಸ್ಸಿಂಗಿಗೆ ಹೋದಾಗಲೆಲ್ಲ ಅದೇ ಪ್ರಶ್ನೆ, ಚರ್ಮ ಹಿಡಿದಿದೆಯಾ? ಸರ್ಜನ್ ಬ್ಯಾಂಡೇಜು ಬಿಚ್ಚುವಾಗ ನಾನು ಅವರ ಹುಬ್ಬು ನೋಡುತ್ತಿದ್ದೆ. ಒಂದು ಸಲ ಒಂದು ಬದಿ ಕಪ್ಪಾಗಿತ್ತು. "ಇಷ್ಟು ಹೋಗಬಹುದು. ಉಳಿದದ್ದು ನೋಡುವ," ಎಂದರು. ಅಬ್ಬಾಸ್ ಕಾಕ ಅವತ್ತೂ ಇದ್ದರು. "ಬಟ್ಟೆ ತುಂಡು ಸಾಲದಿದ್ದರೆ ನೀವು ಎಂತ ಮಾಡ್ತೀರಿ? ಅಲ್ಲಿ ಇಲ್ಲಿ ಜೋಡಿಸಿ ಅಂಗಿ ಮಾಡುವುದಿಲ್ಲವಾ? ಅವರೂ ಟೈಲರೇ ಮಾರಾಯ್ರೇ, ಬಿಡಿ," ಎಂದರು.

ಉಮೇಶ ಮಲೆಯಿಂದ ಬಂದು ಮಾಲೆ ತೆಗೆದ ದಿನವೇ ನಮ್ಮ ಮನೆಗೆ ಬಂದ. ಗಡ್ಡ ತೆಗೆದಿದ್ದ, ಬಿಳಿ ಅಂಗಿ ಹಾಕಿದ್ದ. ಪ್ರಸಾದದ ಡಬ್ಬಿಯನ್ನು ನನ್ನ ಮಂಚದ ಮೇಲಿಟ್ಟು ನೇರ ಅಡುಗೆ ಕೋಣೆಯ ಬಾಗಿಲಿಗೆ ಹೋಗಿ ನಿಂತ.

"ಅಕ್ಕ, ಮಾಲೆ ತೆಗೆದೆ. ಈಗ ಬೈ."

ಒಳಗೆ ಪಾತ್ರೆಯ ಸದ್ದು ನಿಂತಿತು. ನಾನು ಮಂಚದಲ್ಲಿ ಎದ್ದು ಕೂತೆ. ಕಾಲು ಊರುವ ಹಾಗಿಲ್ಲ, ಇಲ್ಲದಿದ್ದರೆ ಓಡುತ್ತಿದ್ದೆ.

ವಾರಿಜ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. ಅವನ ಮುಖ ನೋಡಿದಳು. ಅವನ ಕಾಲು ನೋಡಿದಳು. ಮಲೆ ಹತ್ತಿ ಇಳಿದ ಪಾದ, ಒಡೆದಿತ್ತು, ಹೆಬ್ಬೆರಳಿನ ಹತ್ತಿರ ಒಂದು ಗಾಯ.

"ಇದೆಂತ?"

"ಕಲ್ಲು ತಾಗಿದ್ದು."

"ನೋಯ್ತದಾ?"

"ನೋಯ್ತದೆ."

"ಸರಿ ನೋಡಿ ಹೇಳು. ನೋಯ್ತದಾ?"

"ನೋಯ್ತದೆ ಅಕ್ಕ. ನಡೀಲಿಕ್ಕೇ ಆಗುವುದಿಲ್ಲ."

ಅವಳ ಕೈಯಿಂದ ಸೌಟು ಜಾರಿತು. "ದರಿದ್ರದವನೇ!" ಎಂದು ಶುರು ಮಾಡಿದಳು. ಆಮೇಲೆ ಬಂದ ಬೈಗುಳವನ್ನು ನಾನು ಇಲ್ಲಿ ಬರೆಯುವುದಿಲ್ಲ. ತುಳುವಿನಲ್ಲಿ ಎಷ್ಟು ಉಂಟೋ ಅಷ್ಟೂ ಬಂತು. ಬೈಯುತ್ತಲೇ ಬಿಸಿನೀರು ತಂದಳು, ಬೈಯುತ್ತಲೇ ಅವನ ಕಾಲು ತೊಳೆದಳು, ನನ್ನ ಔಷಧಿಯ ಪೆಟ್ಟಿಗೆಯಿಂದಲೇ ಬಟ್ಟೆ ತೆಗೆದು ಕಟ್ಟಿದಳು. ಉಮೇಶ ತಲೆ ತಗ್ಗಿಸಿ ಕೂತು ಅಳುತ್ತಿದ್ದ. ಅಷ್ಟೂ ದಿನದಲ್ಲಿ ಅವನು ಸರಿಯಾಗಿ ಉಸಿರು ಬಿಟ್ಟದ್ದನ್ನು ನಾನು ನೋಡಿದ್ದು ಆಗಲೇ. ಆ ಮಧ್ಯಾಹ್ನ ಅವನು ಎರಡು ಸಲ ಅನ್ನ ಹಾಕಿಸಿಕೊಂಡ.

ನನ್ನ ಹಿಮ್ಮಡಿ ಉಳಿಯಿತು. ನೋಡಲು ಚಂದ ಇಲ್ಲ. ತೇಪೆ ಹಾಕಿದ ಹಾಗೆ, ಒಂದು ಕಡೆ ಗುಂಡಿ, ಬಣ್ಣವೂ ಬೇರೆ. ಸರ್ಜನ್ ಕಡೆಗೊಮ್ಮೆ "ಊರಿ" ಎಂದಾಗ ನಾನು ಊರಿದೆನೋ ಇಲ್ಲವೋ ನನಗೆ ತಿಳಿಯಲಿಲ್ಲ. ಅವರ ಮುಖ ನೋಡಿ ತಿಳಿದುಕೊಂಡೆ. ಗಾಯ ಮಾಗಿದ್ದು ಹೌದು, ಕಾಲು ಮರಗಟ್ಟಿದ್ದು ಹಾಗೇ ಉಂಟು. ಹೋದ ಸ್ಪರ್ಶ ವಾಪಸು ಬರುವುದಿಲ್ಲವಂತೆ. ದಿನಾ ಸಂಜೆ ಅಂಗಡಿಯಿಂದ ಬಂದ ಕೂಡಲೆ ವಾರಿಜ ಕನ್ನಡಿ ಹಿಡಿಯುತ್ತಾಳೆ, ನಾನು ಎರಡೂ ಪಾದದ ಅಡಿ ನೋಡುತ್ತೇನೆ. ಮನೆಯೊಳಗೂ ಮೆತ್ತಗಿನ ರಬ್ಬರಿನ ಚಪ್ಪಲಿ. ಮಾತ್ರೆ ತಪ್ಪಿಸುವುದಿಲ್ಲ. ಮೆಷಿನಿನ ಪೆಡಲನ್ನು ಎಡಗಾಲಿಗೆ ಬದಲಾಯಿಸಿ ನೋಡಿದೆ, ಅದೂ ಅಷ್ಟಕ್ಕಷ್ಟೆ. ಈಗ ಮೆಷಿನಿನ ಸದ್ದು ಕೇಳಿ ಒತ್ತುತ್ತೇನೆ. ಕಿವಿ ಕಾಲಿನ ಕೆಲಸ ಮಾಡುತ್ತದೆ. ಕೊರಳಿನ ತಿರುವು ಮೊದಲಿನಷ್ಟು ನಯ ಬರುವುದಿಲ್ಲ, ಆದರೆ ಬರುತ್ತದೆ. ನಿಮ್ಮ ಚಪ್ಪಲಿ ದಾರಿಯಲ್ಲಿ ಕಳಚಿದ್ದು ಗೊತ್ತಾಗದಿದ್ದರೆ ದಯವಿಟ್ಟು ನಗಾಡಿ ಬಿಡಬೇಡಿ, ಕಾಲು ತೋರಿಸಿ. ನಾನು ಹೇಳಬಹುದಾದದ್ದು ಅಷ್ಟೆ.

ಮೊನ್ನೆ ಪುತ್ತಿಗೆಯ ಅದೇ ಮನೆಯಲ್ಲಿ ಮಗುವಿನ ನಾಮಕರಣ. ಹೋಗುವುದೇ ಬೇಡ ಎಂದು ಕೂತಿದ್ದೆ. ಉಮೇಶ ಬೈಕು ತಂದು ಅಂಗಳದಲ್ಲಿ ನಿಲ್ಲಿಸಿದ. "ಬಾವ, ಹೋಗುವ. ನೋಡಿ, ಹೊಸ ತಗಡು. ನಾಲ್ಕು ಸ್ಕ್ರೂ. ರಬ್ಬರೂ ಹಾಕಿದ್ದೇನೆ."

"ಅಲ್ಲಾಡಿಸಿ ತೋರಿಸು," ಎಂದಳು ವಾರಿಜ ಬಾಗಿಲಿನಿಂದ. ಅವನು ಅಲ್ಲಾಡಿಸಿದ. ಅಲ್ಲಾಡಲಿಲ್ಲ. "ಬ್ರೇಕು?" ಹಿಡಿದು ತೋರಿಸಿದ. "ಗಾಳಿ?" ಚಕ್ರವನ್ನು ಒದ್ದು ತೋರಿಸಿದ.

ನಾನು ದಪ್ಪ ಚಪ್ಪಲಿಯ ಪಟ್ಟಿ ಬಿಗಿದುಕೊಂಡು ಬೈಕಿನ ಎಡಬದಿಗೆ ಹೋಗಿ, ಹೆಂಗಸರು ಕೂರುವ ಹಾಗೆ, ಎರಡೂ ಕಾಲನ್ನು ಒಂದೇ ಕಡೆ ಇಳಿಬಿಟ್ಟು ಕೂತೆ. ಸೈಲೆನ್ಸರ್ ಆಚೆ ಬದಿಗೆ ಉಳಿಯಿತು.

ಉಮೇಶ ಕನ್ನಡಿಯಲ್ಲಿ ನೋಡಿ ಬಾಯಿ ಬಿಗಿಹಿಡಿದ. "ಬಾವ, ಮೀಸೆ ಇಟ್ಟುಕೊಂಡು ಹೀಗೆ? ಸಿದ್ಧಕಟ್ಟೆಯಲ್ಲಿ ಎಲ್ಲ ಗುರ್ತದವರು."

"ನೋಡಲಿ."

"ನಗಾಡ್ತಾರೆ."

"ನಗಾಡಲಿ ಮಾರಾಯ. ನೀನು ಮೆಲ್ಲ ಹೋಗು."

ಸಿದ್ಧಕಟ್ಟೆ ದಾಟಿ ಏರು ಬಂದಾಗ ಇಬ್ಬರೂ ಒಟ್ಟಿಗೆ ಗಾಳಿಯನ್ನು ಮೂಸಿದೆವು. ಅವನೇ ಬೈಕು ನಿಲ್ಲಿಸಿದ. ನಾನು ಇಳಿದು, ಆಚೆ ಬದಿಗೆ ಹೋಗಿ, ಇಸ್ತ್ರಿಯ ಬಿಸಿ ನೋಡುವ ಹಾಗೆ ಬೆರಳನ್ನು ನಾಲಗೆಗೆ ತಾಗಿಸಿ ಹೊಸ ತಗಡಿಗೆ ಮುಟ್ಟಿದೆ. ಬೆಚ್ಚಗಿತ್ತು, ಅಷ್ಟೆ. ತಗಡು ಮುಗಿಯುವಲ್ಲಿ ಬರೀ ಸೈಲೆನ್ಸರಿಗೆ ಮುಟ್ಟಿದೆ. ಚುರ್ರೆಂದಿತು.

"ಅಯ್ಯೋ!" ಎಂದು ಕೈ ಕೊಡವಿದೆ.

"ಎಂತಕ್ಕೆ ಬಾವ! ಸುಟ್ಟಿತಾ?" ಉಮೇಶ ಗಾಬರಿಯಿಂದ ಹಾರಿ ಇಳಿದ.

"ಸುಟ್ಟಿತು," ಎಂದೆ. ಬೆರಳು ಬಾಯಲ್ಲಿಟ್ಟುಕೊಂಡಿದ್ದೆ. "ಒಳ್ಳೆ ನೋಯ್ತದೆ ಮಾರಾಯ."

ಅವನು ನನ್ನ ಮುಖವನ್ನೇ ನೋಡಿದ. ಆಮೇಲೆ ಬೈಕು ಹತ್ತಿ ಸ್ಟಾರ್ಟ್ ಮಾಡಿದ. ನಾನು ಎಡಬದಿಗೆ ಬಂದು, ಎರಡೂ ಕಾಲು ಎಲ್ಲಿವೆ ಎಂದು ಬಗ್ಗಿ ನೋಡಿಕೊಂಡು, ಕೂತೆ.